ಬೌಲಿಂಗ್: ಹತ್ತನೇ ಪಿನ್ ಒಂದೇ ಉಳಿದಾಗ ಎಲ್ಲಿ ನಿಲ್ಲಬೇಕು, ಎಲ್ಲಿ ನೋಡಬೇಕು?

ಸಾಗರದ_ಹುಡುಗ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಸಾಗರ. ಈಗ ಇರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರದ ನೋವೈ. ಚಳಿಗಾಲ ಬಂತೆಂದರೆ ಇಲ್ಲಿ ಹೊರಗೆ ಆಡುವಂಥದ್ದು ಏನೂ ಉಳಿಯುವುದಿಲ್ಲ. ಜನ ಬೌಲಿಂಗ್ ಲೀಗ್ ಸೇರಿಕೊಳ್ಳುತ್ತಾರೆ. ನಮ್ಮ ಆಫೀಸಿನವರದ್ದೂ ಒಂದು ತಂಡ ಇದೆ. ಗುರುವಾರ ರಾತ್ರಿ ಮೂರು ಗೇಮ್. ಈ ಆಟ ನನಗೆ ತುಂಬಾ ಹಿಡಿಸಿಬಿಟ್ಟಿದೆ. ಚೆನ್ನಾಗಿ ಆಡಬೇಕು ಅಂತ ನಿಜವಾಗಿಯೂ ಆಸೆ ಇದೆ.

ನಾನು ಬಲಗೈಯವನು. 14 ಪೌಂಡಿನ ರಿಯಾಕ್ಟಿವ್ ಬಾಲ್ (ಲೇನ್ ಹಿಡಿದು ತಿರುಗುವ ಮೈಯದು), ಫಿಂಗರ್‌ಟಿಪ್ ಡ್ರಿಲ್ಲಿಂಗ್ (ಬೆರಳ ತುದಿ ಮಾತ್ರ ಒಳಗೆ ಹೋಗುವಂತೆ ಕೊರೆದ ತೂತು). ಹುಕ್, ಅಂದರೆ ಬಾಲ್ ಕೊನೆಯಲ್ಲಿ ಎಡಕ್ಕೆ ತಿರುಗುವುದು, ಚೆನ್ನಾಗಿ ಬರುತ್ತದೆ. ಲೇನ್ ಮೇಲೆ ಗುರುತು ಹಾಕಿರುವ ಬಾಣಗಳಲ್ಲಿ ಬಲದಿಂದ ಎರಡನೆಯದರ ಮೇಲೆ ಬಿಟ್ಟರೆ ಪಾಕೆಟ್‌ಗೆ, ಅಂದರೆ ಒಂದು ಮತ್ತು ಮೂರನೇ ಪಿನ್ ನಡುವಿನ ಸಂದಿಗೆ, ಹೋಗುತ್ತದೆ. ಮೊದಲ ಬಾಲ್‌ಗೆ ಒಂಬತ್ತು ಬೀಳುವುದು ಮಾಮೂಲು. ಆದರೂ ಸರಾಸರಿ 150ರ ಆಸುಪಾಸಿನಿಂದ ಮೇಲೆ ಹತ್ತುತ್ತಿಲ್ಲ. ಕಾರಣ ಬಲ ಮೂಲೆಯ ಹತ್ತನೇ ಪಿನ್ (ಪಿನ್‌ಗಳು ತ್ರಿಕೋನದಲ್ಲಿ, ಮುಂದಿನ ಸಾಲಿನಿಂದ ಶುರುವಾಗಿ ಎಡದಿಂದ ಬಲಕ್ಕೆ 1, 2-3, 4-5-6, 7-8-9-10 ಹೀಗೆ ನಿಲ್ಲುತ್ತವೆ).

ಆಗುವುದು ಹೀಗೆ. 3-6-9 ಲೆಕ್ಕ (ಉಳಿದ ಪಿನ್ ಎಷ್ಟು ಪಕ್ಕಕ್ಕಿದೆಯೋ ಅದರಂತೆ ಮೂರು, ಆರು, ಒಂಬತ್ತು ಬೋರ್ಡ್ ಸರಿಯುವುದು; ಬೋರ್ಡ್ ಅಂದರೆ ಲೇನ್‌ನ ಉದ್ದನೆಯ ಪಟ್ಟಿ) ನೋಡಿಕೊಂಡು ಎಡಕ್ಕೆ ಸರಿದು ನಿಲ್ಲುತ್ತೇನೆ. ಅದೇ ಬಾಣದ ಮೇಲೆ ಬಿಡುತ್ತೇನೆ. ಬಾಲ್ ಬಲಕ್ಕೆ ಚೆನ್ನಾಗಿಯೇ ಹೋಗುತ್ತದೆ. ಇನ್ನೇನು ಪಿನ್‌ಗೆ ಬಡಿಯಿತು ಅನ್ನುವಾಗ ಎಡಕ್ಕೆ ತಿರುಗಿ ಪಿನ್ ಪಕ್ಕದಲ್ಲೇ ಹಾದು ಹೋಗುತ್ತದೆ. ಸರಿ, ಇನ್ನೂ ಸ್ವಲ್ಪ ಬಲಕ್ಕೆ ಬಿಡೋಣ ಅಂದರೆ ನೇರವಾಗಿ ಗಟರ್‌ಗೆ, ಲೇನ್ ಪಕ್ಕದ ಕಾಲುವೆಗೆ. ಈ ಎರಡರ ನಡುವೆ ಜಾಗವೇ ಇಲ್ಲವೇನೋ ಅನಿಸುತ್ತದೆ. ಎಡ ಮೂಲೆಯ ಏಳನೇ ಪಿನ್‌ಗೆ ಇಷ್ಟು ಕಷ್ಟ ಇಲ್ಲ.

ತಂಡದವರು ಸ್ಪೇರ್‌ಗೆಂದೇ (ಎರಡನೇ ಬಾಲ್‌ನಲ್ಲಿ ಉಳಿದ ಪಿನ್ ಬೀಳಿಸುವುದಕ್ಕೆ) ಪ್ಲಾಸ್ಟಿಕ್ ಬಾಲ್ ತೆಗೆದುಕೋ ಅನ್ನುತ್ತಾರೆ. ಅದು ನಿಜವಾಗಿಯೂ ಬೇಕಾ, ಅಥವಾ ಇರುವ ಬಾಲ್‌ನಲ್ಲೇ ಕಲಿಯಬಹುದಾ? ಬಿಡುವಾಗ ಕಣ್ಣು ಪಿನ್ ಮೇಲಿರಬೇಕಾ, ಬಾಣದ ಮೇಲಾ? ಎಲ್ಲಿ ನಿಲ್ಲಬೇಕು ಅಂತ ಬೋರ್ಡ್ ನಂಬರ್ ಸಮೇತ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಜಯನಗರ_ಬೌಲರ್:

ಸಾಗರದವರೇ, ನಾನು ಬೆಂಗಳೂರಿನಲ್ಲಿ ಆಡುವವನು. ಚರ್ಚ್ ಸ್ಟ್ರೀಟ್‌ನ ಅಮೀಬಾದಲ್ಲಿ ಕಲಿತದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಸ್ವಂತ ಬಾಲ್ ಇರುವುದಿಲ್ಲ. ಸೆಂಟರ್‌ನ ರ್‍ಯಾಕ್‌ನಲ್ಲಿ ಇಟ್ಟಿರುವ ಬಾಲ್‌ನಲ್ಲೇ ಆಡುತ್ತೇವೆ. ಅವು ಸಾಮಾನ್ಯವಾಗಿ ಪ್ಲಾಸ್ಟಿಕ್. ಅಷ್ಟು ಸುಲಭವಾಗಿ ತಿರುಗುವುದಿಲ್ಲ. ಸ್ಟ್ರೈಕ್, ಅಂದರೆ ಮೊದಲ ಬಾಲ್‌ಗೇ ಹತ್ತೂ ಬೀಳುವುದು, ಕಡಿಮೆ ಬರುತ್ತದೆ ನಿಜ. ಆದರೆ ಮೂಲೆಯ ಪಿನ್ ತೆಗೆಯುವುದು ನಮಗೆ ಅಷ್ಟು ದೊಡ್ಡ ತಲೆನೋವಲ್ಲ. ನೇರ ಬಾಲ್ ಹೇಳಿದ ಕಡೆ ಹೋಗುತ್ತದೆ, ಅಷ್ಟೇ.

ಕಣ್ಣಿನ ವಿಷಯಕ್ಕೆ ನನ್ನ ಉತ್ತರ ಒಂದೇ: ಬಾಣ. ಬಾಲ್ ಬಿಡುವ ಗೆರೆ, ಅಂದರೆ ಫೌಲ್ ಲೈನ್‌ನಿಂದ ಪಿನ್‌ಗಳು 60 ಅಡಿ ದೂರ. ಬಾಣದ ಗುರುತುಗಳು ಸುಮಾರು 15 ಅಡಿಯಲ್ಲೇ ಇವೆ. ಹತ್ತಿರ ಇರುವುದನ್ನು ನೋಡಿ ಹೊಡೆಯುವುದು ಸುಲಭ ಅಲ್ವಾ? ಪಿನ್ ನೋಡುತ್ತಾ ಬಿಟ್ಟರೆ ತಲೆ ಮೇಲೇಳುತ್ತದೆ, ಭುಜ ಏಳುತ್ತದೆ, ಕೈ ಎತ್ತಲೋ ಹೋಗುತ್ತದೆ. ಬಾಲ್ ಬಾಣವನ್ನು ದಾಟಿದ್ದು ಕಣ್ಣಿಗೆ ಕಾಣುವ ತನಕ ತಲೆ ಎತ್ತಬೇಡಿ.

ಸ್ಪೇರ್ ಕಲಿಯಬೇಕು ಅಂತ ಹೊರಟಿದ್ದೀರಲ್ಲ, ಅದೇ ಸರಿಯಾದ ದಾರಿ. ಗೇಮ್‌ನ ಹತ್ತು ಸರದಿಗಳಲ್ಲಿ, ಅಂದರೆ ಪ್ರತಿ ಫ್ರೇಮ್‌ನಲ್ಲೂ ಒಂಬತ್ತು ಬೀಳಿಸಿ ಉಳಿದ ಒಂದನ್ನು ಬಿಟ್ಟರೆ ಗೇಮ್‌ಗೆ 90 ಬರುತ್ತದೆ. ಅದೇ ಒಂಬತ್ತು, ಆದರೆ ಉಳಿದ ಒಂದನ್ನು ಪ್ರತಿ ಸಲವೂ ತೆಗೆದರೆ 190 (ಸ್ಪೇರ್ ಆದಾಗ ಮುಂದಿನ ಬಾಲ್‌ನ ಪಿನ್‌ಗಳೂ ಸೇರುತ್ತವಲ್ಲ). ಒಂದೇ ಒಂದು ಸ್ಟ್ರೈಕ್ ಇಲ್ಲದೆ! ಇಲ್ಲಿ ಹೊಸ ಹುಡುಗರು ಹುಕ್ ಕಲಿಯುವುದಕ್ಕೇ ಸಮಯ ಎಲ್ಲಾ ಕಳೆಯುತ್ತಾರೆ. ಸ್ಕೋರ್ ಎಲ್ಲಿ ಸೋರುತ್ತಿದೆ ಅಂತ ನೋಡುವುದೇ ಇಲ್ಲ. ನನಗೆ ಅದು ಬೇಜಾರು.

ಬೋರ್ಡ್ ನಂಬರ್ ಹೇಳುವಷ್ಟು ಲೆಕ್ಕ ನನಗೆ ಗೊತ್ತಿಲ್ಲ. ಗೊತ್ತಿರುವವರು ಹೇಳಲಿ.

ಕಾವೇರಿ_ಕೊಲಂಬಸ್:

ಪ್ರಶ್ನೆ ಓದಿ ಖುಷಿಯಾಯಿತು. ಎಡಕ್ಕೆ ತಪ್ಪುತ್ತದೆ, ಸರಿ ಮಾಡಿದರೆ ಗಟರ್, ನಡುವೆ ಜಾಗವೇ ಇಲ್ಲ ಅಂತ ಬರೆದಿದ್ದೀರಲ್ಲ, ವಿಷಯ ಇರುವುದೇ ಅಲ್ಲಿ. ನಾನು ಒಹಾಯೊದಲ್ಲಿ ಹಲವು ವರ್ಷದಿಂದ ಲೀಗ್ ಆಡುತ್ತಿದ್ದೇನೆ. ಶನಿವಾರ ಬೆಳಿಗ್ಗೆ ಮಕ್ಕಳ ಲೀಗ್‌ನಲ್ಲಿ ಕಲಿಸುವುದಕ್ಕೂ ಹೋಗುತ್ತೇನೆ. ಹತ್ತನೇ ಪಿನ್ ಬಗ್ಗೆ ನನಗೆ ಹೇಳುವುದು ಬಹಳ ಇದೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು, ಹುಕ್ ಬಾಲ್ ಯಾಕೆ ತಪ್ಪುತ್ತದೆ ಅಂತ. ಲೇನ್ ಮೇಲೆ ಎಣ್ಣೆ ಹಾಕಿರುತ್ತಾರೆ. ಲೀಗ್ ದಿನ ಹಾಕುವ ಸಾಮಾನ್ಯ ಪ್ಯಾಟರ್ನ್‌ನಲ್ಲಿ ಮಧ್ಯದಲ್ಲಿ ಎಣ್ಣೆ ಜಾಸ್ತಿ, ಎರಡೂ ಅಂಚಿನಲ್ಲಿ ಕಡಿಮೆ. ಕೊನೆಯ ಭಾಗದಲ್ಲಿ ಎಣ್ಣೆಯೇ ಇರುವುದಿಲ್ಲ. ಎಣ್ಣೆ ಇದ್ದಲ್ಲಿ ಬಾಲ್ ಜಾರುತ್ತದೆ, ಒಣಗಿದ್ದಲ್ಲಿ ಹಿಡಿದು ತಿರುಗುತ್ತದೆ. ಹತ್ತನೇ ಪಿನ್ ಇರುವುದು ಆ ಒಣ ಮೂಲೆಯಲ್ಲೇ. ಅಂದರೆ ನಿಮ್ಮ ಬಾಲ್ ಎಲ್ಲಿ ನೇರ ಹೋಗಬೇಕೋ ಅಲ್ಲೇ ತಿರುಗುತ್ತದೆ. ಅದರ ಮೇಲೆ, ಎಣ್ಣೆ ಒಂದೇ ಥರ ಇರುವುದಿಲ್ಲ. ಮೊದಲ ಗೇಮ್‌ನಲ್ಲಿ ಇದ್ದದ್ದು ಮೂರನೇ ಗೇಮ್‌ಗೆ ಇರುವುದಿಲ್ಲ. ಇವತ್ತು ಒಂಬತ್ತು ಬೋರ್ಡ್ ಸರಿದರೆ ಸಿಕ್ಕಿದ್ದು ಮುಂದಿನ ವಾರ ಸಿಗುವುದಿಲ್ಲ. ಸ್ಟ್ರೈಕ್ ಬಾಲ್‌ಗೆ ಎಣ್ಣೆಯನ್ನು ಓದಲೇಬೇಕು. ಸ್ಪೇರ್‌ಗೆ ಎಣ್ಣೆಯ ಗೊಡವೆಯೇ ಬೇಡ ಅನ್ನುವುದು ನನ್ನ ಪಾಠ.

ಅದಕ್ಕೇ ಪ್ಲಾಸ್ಟಿಕ್ ಬಾಲ್ ತೆಗೆದುಕೊಳ್ಳಿ. ತಂಡದವರು ಸರಿಯಾಗಿಯೇ ಹೇಳಿದ್ದಾರೆ. ಆದರೆ ಅಂಗಡಿಯಲ್ಲಿ ಒಂದು ಮಾತು ಕೇಳಿ ಮಾಡಿಸಿಕೊಳ್ಳಿ: ಡ್ರಿಲ್ಲಿಂಗ್ ನಿಮ್ಮ ಸ್ಟ್ರೈಕ್ ಬಾಲ್‌ನಂತೆಯೇ ಇರಬೇಕು. ಅದೇ ಸ್ಪ್ಯಾನ್ (ಹೆಬ್ಬೆರಳ ತೂತಿಗೂ ಬೆರಳ ತೂತಿಗೂ ನಡುವಿನ ದೂರ), ಅದೇ ಹೆಬ್ಬೆರಳ ತೂತು, ತೂಕವೂ ಅದೇ. ಕೈಗೆ ಎರಡೂ ಒಂದೇ ಥರ ಅನಿಸಬೇಕು. ಇಲ್ಲದಿದ್ದರೆ ಬಾಲ್ ಬದಲಾಯಿಸಿದಾಗೆಲ್ಲ ಹಿಡಿತ ಬಿಗಿಯಾಗುತ್ತದೆ.

ಈಗ ಜಾಗದ ಲೆಕ್ಕ. ಲೇನ್ ಅಗಲ 41.5 ಇಂಚು, 39 ಬೋರ್ಡ್. ನಿಮಗೆ ಬಲದಿಂದ ಎಣಿಕೆ. ಬಾಣಗಳು 5, 10, 15, 20 ಹೀಗೆ ಐದೈದು ಬೋರ್ಡ್‌ಗೆ ಒಂದು. ನಾಲ್ಕನೆಯದು ಲೇನ್‌ನ ಸರಿಯಾದ ಮಧ್ಯದಲ್ಲಿ, 20ನೇ ಬೋರ್ಡ್ ಮೇಲೆ. ಹತ್ತನೇ ಪಿನ್‌ಗೆ ನಾನು ಹೇಳುವುದು ಈ ನಾಲ್ಕನೇ ಬಾಣ. ಎಡಗಾಲು ಜಾರಿ ನಿಲ್ಲುವಾಗ 32ನೇ ಬೋರ್ಡ್ ಹತ್ತಿರ ಇರಬೇಕು. ಬಾಲ್ ನಿಮ್ಮ ಕಾಲಿನಿಂದ ಆರೇಳು ಬೋರ್ಡ್ ಬಲಕ್ಕೆ, 25ರ ಮೇಲೆ ಇಳಿಯುತ್ತದೆ. ಅಲ್ಲಿಂದ 20ರ ಮೇಲೆ ದಾಟಿ ನೇರ ಹೋದರೆ ಪಿನ್ ಹತ್ತಿರ ಬರುವಾಗ 4 ಮತ್ತು 5ನೇ ಬೋರ್ಡ್ ನಡುವೆ ಇರುತ್ತದೆ. 32 ಅನ್ನುವುದು ಶುರುವಿನ ಅಂದಾಜು ಅಷ್ಟೇ. ನಿಮ್ಮ ಕೈ ಕಾಲಿನಿಂದ ಎಷ್ಟು ದೂರ ತೂಗುತ್ತದೆ ಅನ್ನುವುದರ ಮೇಲೆ ಒಂದೆರಡು ಬೋರ್ಡ್ ಆಚೀಚೆ ಆಗಬಹುದು.

ಹತ್ತನೇ ಪಿನ್‌ನ ಮಧ್ಯ ಇರುವುದು 3ನೇ ಬೋರ್ಡ್ ಹತ್ತಿರ, 4-5 ಯಾಕೆ ಅಂತ ಕೇಳಬಹುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಬಾಲ್‌ನ ಅಡ್ಡಳತೆ ಸುಮಾರು 8.5 ಇಂಚು. ಪಿನ್‌ನ ಹೊಟ್ಟೆ 4.75 ಇಂಚು. ಹಾಗಾಗಿ ಪಿನ್ ಮಧ್ಯದಿಂದ ಎಡಕ್ಕೆ ಆರೂವರೆ ಇಂಚು, ಬಲಕ್ಕೆ ಆರೂವರೆ ಇಂಚು ಒಳಗೆ ಬಾಲ್‌ನ ಮಧ್ಯ ಬಂದರೆ ಸಾಕು, ತಗಲುತ್ತದೆ. ಅಂದರೆ 13 ಇಂಚಿನ ಬಾಗಿಲು. ಲೇನ್ ನಡುವಿನ ಐದನೇ ಪಿನ್‌ಗೆ ಅಷ್ಟೂ ಸಿಗುತ್ತದೆ. ಹತ್ತನೇ ಪಿನ್‌ಗೆ ಬಲಗಡೆ ಗಟರ್ ಇದೆ. ಪಿನ್ ಮಧ್ಯದಿಂದ ಲೇನ್ ಅಂಚಿಗೆ ಮೂರು ಇಂಚೂ ಇಲ್ಲ. ಹಾಗಾಗಿ ಬಾಗಿಲು 9 ಇಂಚಿಗೆ ಇಳಿಯುತ್ತದೆ. ಆ ಒಂಬತ್ತರಲ್ಲಿ ಹೆಚ್ಚಿನ ಪಾಲು ಪಿನ್‌ನ ಎಡಕ್ಕೇ ಇದೆ. ಪಿನ್ ಮಧ್ಯಕ್ಕೇ ಗುರಿ ಇಟ್ಟರೆ ಬಲಕ್ಕೆ ತಪ್ಪಲು ಜಾಗವೇ ಇರುವುದಿಲ್ಲ. ಬಾಗಿಲಿನ ಮಧ್ಯಕ್ಕೆ ಗುರಿ ಇಡಿ, ಅಂದರೆ ಪಿನ್‌ನ ಎಡ ಅರ್ಧಕ್ಕೆ. ಎರಡೂ ಕಡೆ ನಾಲ್ಕೂವರೆ ಇಂಚು ಸಿಗುತ್ತದೆ. ನೀವು ಇಲ್ಲ ಅಂದುಕೊಂಡಿದ್ದ ಜಾಗ ಇದೇ.

ಬಾಣದ ಹತ್ತಿರ ಒಂದು ಬೋರ್ಡ್ ತಪ್ಪಿದರೆ ಪಿನ್ ಹತ್ತಿರ ಅದು ನಾಲ್ಕು ಬೋರ್ಡ್ ಆಗುತ್ತದೆ, ದೂರ ನಾಲ್ಕು ಪಟ್ಟು ಅಲ್ವಾ. ಒಂದು ಬೋರ್ಡ್ ಅಂದರೆ ಹೆಚ್ಚುಕಡಿಮೆ ಒಂದು ಇಂಚು. ಹಾಗಾಗಿ ಮಧ್ಯಕ್ಕೆ ಗುರಿ ಇಟ್ಟವರು ಬಾಣದಲ್ಲಿ ಒಂದು ಬೋರ್ಡ್ ತಪ್ಪಿದರೂ ಪಿನ್ ಬೀಳುತ್ತದೆ. ಎರಡು ತಪ್ಪಿದರೆ ಬೀಳುವುದಿಲ್ಲ. ಜಯನಗರದವರು ಬಾಣ ನೋಡಿ ಅಂದದ್ದು ಇದಕ್ಕೇ ಬಹಳ ಮುಖ್ಯ.

ಆಮೇಲೆ ಮೈ. ನಾನು ಮಕ್ಕಳಲ್ಲಿ ಮತ್ತೆ ಮತ್ತೆ ನೋಡುವ ತೊಂದರೆ ಇದು. ಎಡಕ್ಕೆ ಸರಿದು ನಿಲ್ಲುತ್ತಾರೆ, ಆದರೆ ಭುಜ ನೇರ ಎದುರಿಗೇ ಇರುತ್ತದೆ. ಎದುರಿಗೇ ನಡೆಯುತ್ತಾರೆ. ಕೊನೆ ಗಳಿಗೆಯಲ್ಲಿ ಬಾಲ್ ಬಲಕ್ಕೆ ಹೋಗಬೇಕು ಅಂತ ನೆನಪಾಗುತ್ತದೆ, ಆಗ ಕೈಯನ್ನು ಮೈಯಿಂದ ಹೊರಗೆ ತಳ್ಳುತ್ತಾರೆ. ಒಂದು ಸಲ ಜಾಸ್ತಿ ತಳ್ಳುತ್ತಾರೆ, ಗಟರ್. ಇನ್ನೊಂದು ಸಲ ಹೆದರಿ ಒಳಗೆ ಎಳೆಯುತ್ತಾರೆ, ಎಡಕ್ಕೆ. ನಿಮ್ಮ ಎರಡು ಥರದ ತಪ್ಪುಗಳು ಬಹುಶಃ ಒಂದೇ ತಪ್ಪು. ನಿಂತಾಗಲೇ ಎರಡೂ ಭುಜ, ಸೊಂಟ, ಕಾಲ ಬೆರಳು ಎಲ್ಲವನ್ನೂ ನಾಲ್ಕನೇ ಬಾಣದ ಮೂಲಕ ಹತ್ತನೇ ಪಿನ್ ಕಡೆಗೆ ತಿರುಗಿಸಿ. ತುಂಬಾ ಬೇಡ. ಈ ಇಡೀ ಓರೆ ಎರಡು ಡಿಗ್ರಿಗೂ ಕಡಿಮೆ. ನೋಡಿದರೆ ಗೊತ್ತೇ ಆಗದಷ್ಟು. ಆದರೆ ಆ ಓರೆಯಲ್ಲೇ ನಡೆದು ಹೋಗಿ. ಆಗ ಕೈ ತಾನಾಗಿ ಆ ಕಡೆ ತೂಗುತ್ತದೆ, ತಿದ್ದುವ ಕೆಲಸ ಇರುವುದಿಲ್ಲ.

ಕೈ: ಅಂಗೈ ಬಾಲ್‌ನ ಹಿಂದೆಯೇ ಇರಲಿ, ಬಿಡುವ ತನಕ. ಬಿಟ್ಟ ಮೇಲೂ ಅಂಗೈ ಮೇಲೆ ನೋಡುತ್ತಿರಬೇಕು. ಕೈ ಕುಲುಕಲು ಚಾಚಿದಂತೆ ಪಕ್ಕಕ್ಕೆ ತಿರುಗಿದರೆ ಪ್ಲಾಸ್ಟಿಕ್ ಬಾಲ್ ಕೂಡ ಸ್ವಲ್ಪ ತಿರುಗುತ್ತದೆ. ವೇಗ ನಿಮ್ಮ ಸ್ಟ್ರೈಕ್ ಬಾಲ್‌ನ ವೇಗವೇ ಇರಲಿ. ಗುರಿ ಸಿಗಲಿ ಅಂತ ಮೆಲ್ಲಗೆ ಬಿಡಬೇಡಿ, ಮೆಲ್ಲಗೆ ಹೋದ ಬಾಲ್‌ಗೆ ತಿರುಗಲು ಸಮಯ ಸಿಗುತ್ತದೆ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಬಾಲ್ ಬಿಟ್ಟ ಮೇಲೆ ಪಿನ್ ಬಿತ್ತಾ ಅಂತ ನೋಡುತ್ತೀರಲ್ಲ, ಅದಾದ ಮೇಲೆ ಹಾಗೇ ತಿರುಗಿ ಬರಬೇಡಿ. ಕಾಲ ಕೆಳಗೆ ನೋಡಿ. ಎಡ ಶೂ ಯಾವ ಬೋರ್ಡ್ ಮೇಲೆ ನಿಂತಿದೆ? 32ಕ್ಕೆ ಬರಬೇಕಾದದ್ದು 28ರಲ್ಲಿ ನಿಂತಿದ್ದರೆ ಕೈಯದು ತಪ್ಪಲ್ಲ, ನಡೆಯುವಾಗ ಬಲಕ್ಕೆ ವಾಲಿದ್ದೀರಿ. ಇದನ್ನು ನೋಡದವರು ಕೈಯನ್ನು ತಿದ್ದುತ್ತಾ ವರ್ಷ ಕಳೆಯುತ್ತಾರೆ. ಶೂ ನೋಡಿದವರಿಗೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ಕೊನೆಯದಾಗಿ, ಸಿಟ್ಟು. ಪಾಕೆಟ್‌ಗೆ ಚೆನ್ನಾಗಿ ಹೊಡೆದರೂ ಹತ್ತನೇ ಪಿನ್ ನಿಲ್ಲುತ್ತದೆ. ಆರನೇ ಪಿನ್ ಹಾರಿ ಅದರ ಕುತ್ತಿಗೆ ಸುತ್ತಿ ಹೋಗುತ್ತದೆ, ತಗಲುವುದಿಲ್ಲ. ಸ್ಟ್ರೈಕ್ ಕೈತಪ್ಪಿತು ಅನ್ನುವ ಬಿಸಿಯಲ್ಲೇ ಎರಡನೇ ಬಾಲ್ ಬಿಡುವವರನ್ನು ಪ್ರತಿ ವಾರ ನೋಡುತ್ತೇನೆ. ಬಾಲ್ ಬದಲಾಯಿಸಬೇಕಾದಾಗ ಹೇಗೂ ರ್‍ಯಾಕ್ ತನಕ ನಡೆಯಬೇಕು. ಆ ಸಮಯದಲ್ಲಿ 32 ಮತ್ತು 4, ಈ ಎರಡೇ ನಂಬರ್ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೇರೆ ಏನೂ ಬೇಡ.

ಎಡಗೈ_ಧಾರವಾಡ:

ಕಾವೇರಿ ಅವರ ಲೆಕ್ಕ ನಾನು ಎಡದಿಂದ ಎಣಿಸಿ ನೋಡಿದೆ, ಏಳನೇ ಪಿನ್‌ಗೆ ಹಾಗೇ ಕೂರುತ್ತದೆ. ಎಡಗೈಯವರಿಗೆ ಏಳನೇ ಪಿನ್ನೇ ಹತ್ತನೇ ಪಿನ್.

ಒಂದು ಮಾತಿನಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯ ಇದೆ. ಎರಡನೇ ಬಾಲ್ ಎಲ್ಲರಿಗೂ ಆಗುವುದಿಲ್ಲ. ದುಡ್ಡಿನ ವಿಷಯ ಒಂದು, ಹೊತ್ತುಕೊಂಡು ಓಡಾಡುವುದು ಇನ್ನೊಂದು. ನಾನು ಪುಣೆಯಲ್ಲಿ ಇರುತ್ತೇನೆ, ಟೂರ್ನಮೆಂಟ್‌ಗೆ ಬೆಂಗಳೂರಿಗೆ ಬಂದರೆ ಒಂದೇ ಬಾಲ್ ಜೊತೆಗೆ ಬರುತ್ತದೆ. ಇರುವ ಬಾಲ್‌ನಲ್ಲೇ ಹುಕ್ ಕೊಲ್ಲುವುದನ್ನು ಕಲಿಯಬಹುದು. ಬೆರಳಿನಿಂದ ಎತ್ತುವುದನ್ನು ಬಿಡಬೇಕು. ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಸಡಿಲ ಬಿಡಿ. ಅಂಗೈ ಆಕಾಶಕ್ಕೆ. ಹೆಬ್ಬೆರಳು ಬೆರಳುಗಳ ಜೊತೆಗೇ ಹೊರಬಂದ ಹಾಗೆ ಅನಿಸಬೇಕು. ಬಾಲ್ ಪಕ್ಕಕ್ಕೆ ಸುತ್ತದೆ ಮುಂದಕ್ಕೆ ಉರುಳುತ್ತದೆ. ಇದಕ್ಕೆ ಸ್ವಲ್ಪ ವೇಗ ಜಾಸ್ತಿ ಕೊಟ್ಟರೆ ಸಾಕಷ್ಟು ನೇರ ಹೋಗುತ್ತದೆ.

ಆದರೆ ಒಂದನ್ನು ಒಪ್ಪುತ್ತೇನೆ. ಲೇನ್ ಪೂರ್ತಿ ಒಣಗಿದ ದಿನ ಈ ಉಪಾಯ ಕೈಕೊಡುತ್ತದೆ. ರಿಯಾಕ್ಟಿವ್ ಬಾಲ್‌ನ ಮೈಯೇ ಹಿಡಿಯುವಂಥದ್ದು, ನಾವು ಏನೇ ಮಾಡಿದರೂ ಕೊನೆಯಲ್ಲಿ ಸ್ವಲ್ಪ ತಿರುಗುತ್ತದೆ. ಲೀಗ್ ಆಡುವವರು, ಕಾರಿನಲ್ಲಿ ಹೋಗುವವರು, ಎರಡು ಬಾಲ್ ಇಟ್ಟುಕೊಳ್ಳಿ. ನನ್ನಂಥವರು ಕೈ ಕಲಿಯಬೇಕು.

ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ಆಟದ ವಿಡಿಯೊ ಸಿಕ್ಕರೆ ದಯವಿಟ್ಟು ನೋಡಿ. ಅಮೆರಿಕದ ವೃತ್ತಿಪರ ಬೌಲರ್‌ಗಳ ಪಿಬಿಎ ಟೂರ್‌ನಲ್ಲಿ 47 ಪ್ರಶಸ್ತಿ ಗೆದ್ದವರು. ಅವರಿಗೆ ದೊಡ್ಡ ಹುಕ್ ಇರಲಿಲ್ಲ. ಗುರಿ ಇತ್ತು. ಅವರು ಕುದುರೆ ಲಾಳ ಎಸೆಯುವ ಆಟದಲ್ಲಿ ಆರು ಸಲ ವಿಶ್ವ ಚಾಂಪಿಯನ್ ಕೂಡ. ಎರಡರಲ್ಲೂ ಕೈ ಒಂದೇ ನೇರದಲ್ಲಿ ಹಿಂದೆ ಹೋಗಿ ಮುಂದೆ ಬರಬೇಕು. ಆ ಕೈ ತೂಗುವ ರೀತಿಯನ್ನು ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಸಾಗರದ_ಹುಡುಗ:

ಮೂವರಿಗೂ ತುಂಬಾ ಥ್ಯಾಂಕ್ಸ್. ಪ್ಲಾಸ್ಟಿಕ್ ಬಾಲ್ ತೆಗೆದುಕೊಂಡೆ, ಡ್ರಿಲ್ಲಿಂಗ್ ಹಳೆಯದರ ಹಾಗೇ ಮಾಡಿಸಿದೆ. ನನಗೆ ಶೂ ನೋಡುವ ಮಾತೇ ದೊಡ್ಡದಾಯಿತು. 32ಕ್ಕೆ ಬರಬೇಕಾದವನು ಜಾರಿ ನಿಲ್ಲುವಾಗ 29ಕ್ಕೆ ಬರುತ್ತಿದ್ದೆ. ಈಗ ಓರೆಯಾಗಿ ನಿಂತು ಆ ಓರೆಯಲ್ಲೇ ನಡೆಯುತ್ತೇನೆ. ನನಗೆ ಸರಿ ಕೂರುವ ಜಾಗ 33. ನಿನ್ನೆ ಲೀಗ್‌ನಲ್ಲಿ ಹತ್ತನೇ ಪಿನ್ ಹೆಚ್ಚು ಸಲ ಬಿತ್ತು. ಪಿನ್‌ನ ಎಡ ಅರ್ಧಕ್ಕೆ ಗುರಿ ಇಡುವುದು ಅಂದಾಗಿನಿಂದ ಗಟರ್ ಭಯವೂ ಕಡಿಮೆ.

ಈಗ ಮುಂದಿನ ಪ್ರಶ್ನೆ. ಬಲಗಡೆ ಎರಡು ಪಿನ್ ಉಳಿದರೆ? 6 ಮತ್ತು 10 ಜೊತೆಗಿದ್ದರೆ ಕೆಲವೊಮ್ಮೆ ಆರು ಮಾತ್ರ ಬಿದ್ದು ಹತ್ತು ನಿಂತೇ ಇರುತ್ತದೆ. 3 ಮತ್ತು 10 ಉಳಿದರೆ ಯಾವುದಕ್ಕೆ ಹೊಡೆಯಬೇಕು ಅಂತಲೇ ತಿಳಿಯುವುದಿಲ್ಲ. ಇನ್ನೊಂದು, ಎಡಗಡೆ 2, 4, 5, 8 ನಾಲ್ಕೂ ಉಳಿಯುವುದು. ಅದಕ್ಕೂ ಪ್ಲಾಸ್ಟಿಕ್ ಬಾಲೇನಾ?

ಕಾವೇರಿ_ಕೊಲಂಬಸ್:

33 ನಿಮ್ಮ ಜಾಗ ಅಂತ ನೀವೇ ಕಂಡುಕೊಂಡಿರಲ್ಲ, ತುಂಬಾ ಸಂತೋಷ. ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಉಳಿದದ್ದೆಲ್ಲ ಆ ಜಾಗದಿಂದಲೇ ಲೆಕ್ಕ.

3-10 ನನಗೆ ಬಹಳ ಇಷ್ಟದ ಸ್ಪೇರ್. ಯಾವ ಪಿನ್‌ಗೂ ಹೊಡೆಯಬೇಡಿ. ಅವೆರಡರ ನಡುವೆ ಆರನೇ ಪಿನ್ ನಿಂತಿದೆ ಅಂದುಕೊಳ್ಳಿ, ಇಲ್ಲದ ಆ ಆರನೇ ಪಿನ್‌ಗೆ ಹೊಡೆಯಿರಿ. ಅಡ್ಡಕ್ಕೆ ಅಳೆದರೆ ಮೂರನೇ ಪಿನ್‌ನಿಂದ ಹತ್ತನೇ ಪಿನ್‌ಗೆ ಮಧ್ಯದಿಂದ ಮಧ್ಯಕ್ಕೆ 12 ಇಂಚು. ಪಿನ್ ದಪ್ಪ ಕಳೆದರೆ ಉಳಿಯುವ ಸಂದಿ ಏಳೂಕಾಲು ಇಂಚು. ಬಾಲ್ ಎಂಟೂವರೆ. ಹಾಗಾಗಿ ನಡುವೆ ಹೋದರೆ ಎರಡಕ್ಕೂ ತಗಲಲೇಬೇಕು. ಮೊದಲು ಮೂರನೇ ಪಿನ್‌ನ ಬಲ ಬದಿಗೆ ತಾಗುತ್ತದೆ, ಕೇರಂನಲ್ಲಿ ಕಾಯಿಗೆ ಕಟ್ ಹೊಡೆದ ಹಾಗೆ. ಮೂರು ಎಡಕ್ಕೆ ಹೋಗುತ್ತದೆ, ಬಾಲ್ ಮುಂದೆ ಸಾಗಿ ಹತ್ತನ್ನು ತೆಗೆಯುತ್ತದೆ. ನಿಮ್ಮ ಹತ್ತನೇ ಪಿನ್ ಜಾಗದಿಂದ ಒಂದೂವರೆ, ಎರಡು ಬೋರ್ಡ್ ಬಲಕ್ಕೆ ನಿಲ್ಲಿ. ಬಾಣ ಅದೇ ನಾಲ್ಕನೆಯದು. ನೋಡುವವರಿಗೆ ಇದು ಸ್ಪ್ಲಿಟ್ (ನಡುವೆ ಸಂದಿ ಬಿಟ್ಟು ಉಳಿದ ಪಿನ್‌ಗಳು), ನಿಮಗೆ ಒಂಟಿ ಪಿನ್. ಎಡಗಡೆ 2-7 ಉಳಿದರೂ ಹೀಗೇ, ನಡುವೆ ನಾಲ್ಕನೇ ಪಿನ್ ಇದೆ ಅಂದುಕೊಂಡು.

6-10ಕ್ಕೆ ಹತ್ತನೇ ಪಿನ್‌ಗೆ ಬಿಡುವ ಬಾಲನ್ನೇ ಬಿಡಿ. ಅರ್ಧ ಬೋರ್ಡ್ ಬಲಕ್ಕೆ ನಿಂತರೆ ಸಾಕು. ನಾವು ಹೇಗೂ ಹತ್ತರ ಎಡ ಅರ್ಧಕ್ಕೆ ಗುರಿ ಇಡುತ್ತಿದ್ದೇವೆ, ಬಾಲ್ ಅಲ್ಲಿಗೆ ಹೋಗುವ ದಾರಿಯಲ್ಲೇ ಆರರ ಬಲ ಬದಿ ಸಿಗುತ್ತದೆ. ಆರು ಮಾತ್ರ ಬಿದ್ದು ಹತ್ತು ನಿಂತರೆ ಬಾಲ್ ಆರರ ಎಡ ಬದಿಗೆ ಹೋಗಿದೆ ಅಂತ ಅರ್ಥ. ಅಲ್ಲಿ ತಗಲಿದ ಆರನೇ ಪಿನ್ ಅಡ್ಡಕ್ಕೆ ಹಾರಿ ಹತ್ತರ ಮುಂದೆಯೇ ದಾಟಿಬಿಡುತ್ತದೆ.

2-4-5-8ಕ್ಕೆ ಮಾತ್ರ ನಿಮ್ಮ ಸ್ಟ್ರೈಕ್ ಬಾಲ್ ತೆಗೆಯಿರಿ. ಇಲ್ಲಿ ನಾನು ಹುಕ್ ಪರ. ನಾಲ್ಕು ಪಿನ್ ಒಟ್ಟಿಗೆ ನಿಂತಿವೆ, ನೇರ ಬಾಲ್ ಎರಡನೇ ಪಿನ್‌ಗೆ ತಾಗಿ ಪಕ್ಕಕ್ಕೆ ಸರಿದುಬಿಡುತ್ತದೆ. ಎಂಟೋ, ಐದೋ ಉಳಿಯುತ್ತದೆ. ಹುಕ್ ಬಾಲ್ ಬಲದಿಂದ ಒಳಗೆ ನುಗ್ಗುತ್ತದೆ, ಸರಿಯುವುದು ಕಡಿಮೆ. ಸ್ಟ್ರೈಕ್ ಜಾಗದಿಂದ ಮೂರು ಬೋರ್ಡ್ ಬಲಕ್ಕೆ ನಿಲ್ಲಿ, ಅದೇ ಎರಡನೇ ಬಾಣ. 3-6-9 ಲೆಕ್ಕ ಎಡಗಡೆಯ ಪಿನ್‌ಗಳಿಗೆ ಚೆನ್ನಾಗಿ ಕೂರುತ್ತದೆ, ಯಾಕೆಂದರೆ ಬಾಲ್ ನಿಮ್ಮ ಸ್ಟ್ರೈಕ್ ದಾರಿಗೆ ಹತ್ತಿರದಲ್ಲೇ ಓಡುತ್ತದೆ. ಮೂರಕ್ಕೆ ಎರಡನೇ ಪಿನ್, ಆರಕ್ಕೆ ನಾಲ್ಕನೆಯದು. 2 ಮತ್ತು 8 ಒಂದರ ಹಿಂದೆ ಒಂದು ಉಳಿದರೂ ಇದೇ ಬಾಲ್, ಆದರೆ ಎರಡನೇ ಪಿನ್‌ನ ಹಣೆಗೇ ಬೀಳಬೇಕು. ಹಿಂದಿರುವ ಎಂಟು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹೊಡೆಯುವ ಮೊದಲು ಸ್ಕೋರ್ ಪರದೆಯ ಮೇಲೆ ಯಾವ ಪಿನ್ ಉಳಿದಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಅಭ್ಯಾಸಕ್ಕೆ ನಮ್ಮ ಮಕ್ಕಳಿಗೆ ಆಡಿಸುವ ಒಂದು ಆಟ ಇದೆ, ಲೋ-ಬಾಲ್. ಪ್ರತಿ ಬಾಲ್‌ಗೆ ಆದಷ್ಟು ಕಡಿಮೆ ಪಿನ್ ಬೀಳಿಸಬೇಕು. ಗಟರ್‌ಗೆ ಹೋದರೆ ಹತ್ತು ಬಿದ್ದ ಹಾಗೆ ಲೆಕ್ಕ. ಹಾಗಾಗಿ ಎಲ್ಲರೂ ಮೂಲೆಯ ಒಂದೇ ಪಿನ್ ಹುಡುಕುತ್ತಾರೆ. ಹತ್ತೂ ಪಿನ್ ನಿಂತಿರುವಾಗ ಹತ್ತನೆಯದನ್ನು ಮಾತ್ರ ತೆಗೆಯುವುದು ಒಂಟಿ ಪಿನ್ ತೆಗೆಯುವುದಕ್ಕಿಂತ ಕಷ್ಟ, ಯಾಕೆಂದರೆ ಎಡಕ್ಕೆ ಸರಿದರೆ ಆರು ಸಿಗುತ್ತದೆ. ಅಭ್ಯಾಸದ ದಿನ ಮೊದಲ ಬಾಲ್ ಬಲ ಮೂಲೆಗೆ, ಎರಡನೆಯದು ಎಡ ಮೂಲೆಗೆ ಬಿಡಿ. ಏಳನೇ ಪಿನ್‌ಗೆ 21, 22ನೇ ಬೋರ್ಡ್‌ನಿಂದ ಶುರು ಮಾಡಿ, ಬಾಣ ಅದೇ ನಾಲ್ಕನೆಯದು. ಒಂದು ಗೇಮ್ ಪೂರ್ತಿ ಹೀಗೇ. ಸ್ಟ್ರೈಕ್ ಅಭ್ಯಾಸ ಆಮೇಲೆ.

ಮೂರನೇ ಗೇಮ್ ಹೊತ್ತಿಗೆ ಎಣ್ಣೆ ಸರಿದು ಸ್ಟ್ರೈಕ್ ಬಾಲ್‌ಗೆ ನೀವು ಎಡಕ್ಕೆ ಹೋಗಬೇಕಾಗುತ್ತದೆ. ಆಗಲೂ ಪ್ಲಾಸ್ಟಿಕ್ ಬಾಲ್‌ನ 33 ಬದಲಾಯಿಸಬೇಡಿ. ಮುಂದಿನ ಗುರುವಾರ 3-10 ಸಿಕ್ಕರೆ ಏನಾಯಿತು ಅಂತ ಇಲ್ಲೇ ಬರೆಯಿರಿ.